ಗುಡ್ಡಪ್ಪನ ಸೊನ್ನೆ

ಹದಿನಾಲ್ಕು ತಿಂಗಳಿಂದ ಬ್ಯಾಡಗಿಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಮೂಡಿರಲಿಲ್ಲ.

ಹಾವೇರಿಯ ನಮ್ಮ ನಿಯಂತ್ರಣ ಕೊಠಡಿಯ ಗೋಡೆಗೆ ಜಿಲ್ಲೆಯ ನಕಾಶೆ ಹಾಕಿದೆ. ಅದರಲ್ಲಿ ಇಪ್ಪತ್ತಮೂರು ಚುಕ್ಕೆಗಳು, ಅಂದರೆ ಇಪ್ಪತ್ತಮೂರು ಕ್ಷೌರದಂಗಡಿಗಳು. ಯಾವುದಾದರೂ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಂಡ ಗಂಡಸಿನ ಪ್ರಾಸ್ಟೇಟ್ ಗ್ರಂಥಿಯ ಬಗ್ಗೆ ಅನುಮಾನ ಬಂದರೆ ಆ ಊರಿನ ಚುಕ್ಕೆ ಕೆಂಪಾಗುತ್ತದೆ. ಹಾನಗಲ್ಲಿನಲ್ಲಿ ವಾರಕ್ಕೊಂದು ಕೆಂಪು, ಸವಣೂರಿನಲ್ಲಿ ತಿಂಗಳಿಗೆ ಎರಡು, ರಾಣೇಬೆನ್ನೂರಿನದಂತೂ ಕೇಳಲೇಬೇಡಿ. ನಮ್ಮ ಬ್ಯಾಡಗಿ ಮಾತ್ರ ಹಸಿರೋ ಹಸಿರು.

ಗಡ್ಡಕ್ಕೂ ಆ ಗ್ರಂಥಿಗೂ ಏನು ಸಂಬಂಧ ಎಂದು ಕೇಳುವವರಿಗೆ ಮೊದಲು ಗಂಡಸರ ಬಗ್ಗೆ ಎರಡು ಮಾತು ಹೇಳಬೇಕು. ಐವತ್ತು ದಾಟಿದ ಗಂಡಸನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದಕ್ಕಿಂತ ಕೋಣವನ್ನು ಮಾಳಿಗೆ ಹತ್ತಿಸುವುದು ಸುಲಭ. ಸಕ್ಕರೆ ಕಾಯಿಲೆಯನ್ನು ಹೇಳಿಕೊಳ್ಳುತ್ತಾರೆ, ಅದರಲ್ಲೊಂದು ದೊಡ್ಡಸ್ತಿಕೆ ಇದೆ. ಎದೆನೋವನ್ನು ವಾಯು ಅನ್ನುತ್ತಾರೆ. ಕಿವಿ ಕೇಳದಿದ್ದರೆ ಎದುರಿನವರು ಗೊಣಗುತ್ತಾರೆ ಅನ್ನುತ್ತಾರೆ. ಸೊಂಟದ ಕೆಳಗಿನ ಸಂಗತಿಯನ್ನಂತೂ ಹೆಂಡತಿಯ ಕಿವಿಗೂ ಹಾಕುವುದಿಲ್ಲ. ಆದರೆ ಅದೇ ಗಂಡಸು ವಾರಕ್ಕೊಮ್ಮೆ ಕ್ಷೌರಿಕನ ಮುಂದೆ ಕಣ್ಣು ಮುಚ್ಚಿ ಕುತ್ತಿಗೆ ಒಡ್ಡಿ ಕೂರುತ್ತಾನೆ. ಆ ಕತ್ತಿಗೇ ಓದಲು ಕಲಿಸಿದರೆ ಹೇಗೆ ಎಂದು ಯಾರೋ ಪುಣ್ಯಾತ್ಮರು ಯೋಚಿಸಿದರು. ಹಾಗೆ ಹುಟ್ಟಿದ್ದು ಓದುಗತ್ತಿ.

ಗಡ್ಡದ ಚೂರು, ಚರ್ಮದ ಧೂಳು, ನೊರೆ ಎಲ್ಲವೂ ಕತ್ತಿಯ ಹಿಡಿಕೆಯಿಂದ ಸಣ್ಣ ನಳಿಕೆಯ ಮೂಲಕ ಒಂದು ಪೆಟ್ಟಿಗೆಗೆ ಹೋಗುತ್ತವೆ. ಕೂದಲ ಬುಡದಲ್ಲಿ ರಕ್ತದ ಒಂದು ದಿನದ ಕಥೆ ಇರುತ್ತದೆ. ಪೆಟ್ಟಿಗೆ ಅದನ್ನು ಓದುತ್ತದೆ. ಸಕ್ಕರೆ, ಕೊಬ್ಬು, ಮೂತ್ರಪಿಂಡ, ಕೊನೆಗೆ ಪ್ರಾಸ್ಟೇಟಿನ ಸಸಾರಜನಕ. ಆದರೆ ಪೆಟ್ಟಿಗೆಗೆ ಸ್ವಂತ ಬುದ್ಧಿಯಿಲ್ಲ. ದಿನಾ ಬೆಳಿಗ್ಗೆ ರೋಗವಿಲ್ಲದ ಒಂದು ಮಾದರಿಯನ್ನು ಅದಕ್ಕೆ ತೋರಿಸಬೇಕು. ಅದನ್ನು ನಾವು ಸೊನ್ನೆ ಅನ್ನುತ್ತೇವೆ. ದಿನದ ಮೊದಲ ಮಾದರಿಯೇ ಆ ದಿನದ ಸೊನ್ನೆ. ಆಮೇಲೆ ಬರುವವರೆಲ್ಲ ಅದಕ್ಕಿಂತ ಎಷ್ಟು ಹೆಚ್ಚು ಎಂದಷ್ಟೇ ಪೆಟ್ಟಿಗೆ ಹೇಳುತ್ತದೆ. ಇದಕ್ಕಾಗಿ ತಿಂಗಳಿಗೆ ಮೂವತ್ತು ಬೆಳ್ಳಿಬಣ್ಣದ ಪೊಟ್ಟಣಗಳು ಪ್ರತಿ ಅಂಗಡಿಗೆ ಹೋಗುತ್ತವೆ. ಒಳಗಿರುವುದು ಪ್ರಯೋಗಾಲಯದಲ್ಲಿ ಮಾಡಿದ ಕೂದಲ ಪುಡಿ.

ಪೊಟ್ಟಣ ಕೆಟ್ಟಿದ್ದರೆ ಗೊತ್ತಾಗಲೆಂದು ಒಂದು ಕಾವಲನ್ನೂ ಇಟ್ಟಿದ್ದೆವು. ಇವತ್ತಿನ ಸೊನ್ನೆ ನಿನ್ನೆಯದಕ್ಕಿಂತ ನೂರಕ್ಕೆ ಎರಡರಷ್ಟು ಬೇರೆಯಾದರೆ ಪೆಟ್ಟಿಗೆ ಕೂಗಿಕೊಳ್ಳುತ್ತದೆ. ಆ ನಿಯಮ ಬರೆದವಳು ನಾನು, ಕಸ್ತೂರಿ, ಮೂವತ್ತು ವರ್ಷ ರಕ್ತ ಮೂತ್ರಗಳ ನಡುವೆಯೇ ಬಾಳಿದ ತಂತ್ರಜ್ಞೆ. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು.

ನಮ್ಮ ಊರಿನ ಪೆಟ್ಟಿಗೆ ಇದ್ದದ್ದು ಮೆಣಸಿನಕಾಯಿ ಮಾರುಕಟ್ಟೆಯ ಎದುರಿನ ಗುಡ್ಡಪ್ಪ ಹಡಪದನ ಅಂಗಡಿಯಲ್ಲಿ. ಅರವತ್ತಾರು ವರ್ಷದ ಗುಡ್ಡಪ್ಪ ಬಾಯಿ ಬಿಟ್ಟರೆ ನಗಿಸುವವನು, ಕೈ ಇಟ್ಟರೆ ನಿದ್ದೆ ಬರಿಸುವವನು. ಮೊದಲ ವರ್ಷ ಅವನ ಕತ್ತಿ ಒಂಬತ್ತು ಜನರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕಳಿಸಿತು. ಒಂಬತ್ತೂ ಜನ ಬದುಕಿಕೊಂಡರು. ಹಮಾಲಿ ಸಂಘದವರು ಅವನಿಗೆ ಶಾಲು ಹೊದಿಸಿ, ಹಣೆಗೆ ಕುಂಕುಮ ಹಚ್ಚಿ, ಫೋಟೋ ತೆಗೆಸಿ ಅಂಗಡಿಯ ಗೋಡೆಗೇ ತೂಗು ಹಾಕಿದರು. ಆಮೇಲೆ ಕೆಂಪು ಕಡಿಮೆಯಾಗುತ್ತ ಬಂತು. ಆಮೇಲೆ ನಿಂತೇ ಹೋಯಿತು.

ಇನ್ನು ನಮ್ಮ ಮನೆಯವರು. ವಿರೂಪಾಕ್ಷಪ್ಪ ಎಂದು ಹೆಸರು, ಅರವತ್ತಮೂರು ವರ್ಷ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಮೂವತ್ತಾರು ವರ್ಷ ತಕ್ಕಡಿಗಳಿಗೆ ಮುದ್ರೆ ಹೊಡೆದರು, ಒಂದೇ ಒಂದು ಸುಳ್ಳು ಮುದ್ರೆ ಹೊಡೆಯಲಿಲ್ಲ. ಅದಕ್ಕೇ ಮೂರು ಸಲ ವರ್ಗವಾದರು. ಮನೆಯಲ್ಲೂ ಹಾಗೆಯೇ. ಪಲ್ಯಕ್ಕೆ ಉಪ್ಪು ಸ್ವಲ್ಪ ಕಡಿಮೆ ಅನ್ನುವುದಿಲ್ಲ, ಕಾಲು ಚಮಚ ಕಡಿಮೆ ಅನ್ನುತ್ತಾರೆ.

ಇವರು ಒಂದು ಬೆಳಿಗ್ಗೆ ಅವಲಕ್ಕಿಯ ತಟ್ಟೆಯನ್ನು ಮುಂದಿಟ್ಟುಕೊಂಡು ತಿನ್ನದೆ ಕುಳಿತಿದ್ದರು.

"ಕಸ್ತೂರಿ, ಒಂದ್ ಮಾತ್ ಹೇಳಬೇಕಾಗೇತಿ."

"ಲಗೂ ಹೇಳ್ರಿ, ಬಸ್ಸಿಗೆ ಹೊತ್ತಾತು."

"ನಂಗ ಒಂದಕ್ಕ ಸರಿಯಾಗಿ ಹೋಗವಲ್ತು. ನಿಂತ್ರ ಐದು ನಿಮಿಷ ಬೇಕು. ಹೋದ್ರೂ ಹೋದಂಗ ಆಗಂಗಿಲ್ಲ. ಸೊಂಟದ ಒಳಗ ಎಲ್ಲೋ ಚುಳುಕ್ ಅಂತೈತಿ."

ನಾನು ಚೀಲದಿಂದ ಮೊಬೈಲು ತೆಗೆದು ಇವರ ದಾಖಲೆ ನೋಡಿದೆ. ಭಾನುವಾರ ಹಸಿರು. ಅದರ ಹಿಂದಿನ ಭಾನುವಾರವೂ ಹಸಿರು. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಒಬ್ಬ ಗಂಡಸು ತಾನಾಗಿ ಬಾಯಿ ಬಿಟ್ಟು ಈ ಮಾತು ಹೇಳಿದ್ದನ್ನು ನಾನು ನೋಡಿರಲಿಲ್ಲ. ಆ ಗಂಡಸು ನನ್ನ ಗಂಡನೇ ಆಗಿದ್ದ. ನಾನು ಇವರಿಗೆ ಮೊಬೈಲು ತೋರಿಸಿದೆ.

"ನೋಡ್ರಿ, ಹಸರೈತಿ. ವಯಸ್ಸಾದ ಮ್ಯಾಲ ಗ್ರಂಥಿ ಊದತೈತಿ, ಎಲ್ಲಾರಿಗೂ ಆಗೂದು. ನೀರು ಸ್ವಲ್ಪ ಕಡಿಮಿ ಕುಡೀರಿ."

"ಒಮ್ಮಿ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬರ್ಲೇನು?"

"ಯಾಕ, ನಾ ಕಾವಲು ಇಟ್ಟ ಮಷೀನಿನ ಮ್ಯಾಲ ನಂಬಿಕಿ ಇಲ್ಲೇನ್ರಿ ನಿಮಗ?"

ಇವರು ನಕ್ಕರು. ಅವಲಕ್ಕಿ ತಿಂದರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಆಮೇಲೆ ದೂರದ ಮದುವೆಗಳಿಗೆ ಬರುವುದನ್ನು ಬಿಟ್ಟರು, ಮಜ್ಜಿಗೆ ಬಿಟ್ಟರು, ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಇಳಿದೇ ಬಿಡುತ್ತಿದ್ದರು. ನಾನು ನೋಡಿದೆ. ನೋಡಿಯೂ ಹಸಿರನ್ನೇ ನಂಬಿದೆ.

ಇದಾಗಿ ಎಂಟು ತಿಂಗಳಿಗೆ ನಮ್ಮ ಮುಖ್ಯಸ್ಥ ಡಾ. ಜಯಶೀಲ ನಕಾಶೆಯ ಮುಂದೆ ನಿಂತು ಬ್ಯಾಡಗಿಯ ಹಸಿರು ಚುಕ್ಕೆಯ ಮೇಲೆ ಬೆರಳಿಟ್ಟರು. ಮೈಸೂರಿನ ಕಡೆಯವರು, ಒಳ್ಳೆಯವರು, ಆದರೆ ಬೇಗ ಉಬ್ಬುವವರು.

"ಮೇಡಂ, ಹದಿನಾಲ್ಕು ತಿಂಗಳು. ಇನ್ನೂರ ಹನ್ನೆರಡು ಗಂಡಸರು. ಒಂದೂ ಕೆಂಪಿಲ್ಲ. ಪ್ರಪಂಚದಲ್ಲೇ ಇಂಥಾ ಊರಿಲ್ಲ. ನಿಮ್ಮೂರಲ್ಲಿ ಬೇರೆ ಊರಲ್ಲಿ ಇಲ್ಲದ್ದು ಏನಿದೆ ಹೇಳಿ?"

"ಸೀನು," ಅಂದೆ.

"ತಮಾಷೆ ಬೇಡ. ಮೆಣಸಿನಕಾಯಿ! ಗಾಳಿಯಲ್ಲೇ ಇದೆ. ಹಗಲೆಲ್ಲಾ ಉಸಿರಾಡ್ತಾರೆ. ಅದರ ಬಣ್ಣದಲ್ಲೇ ಏನೋ ಇದೆ. ಗುರುವಾರ ಬೆಳಿಗ್ಗೆ ಎಂಟಕ್ಕೇ ಪತ್ರಕರ್ತರನ್ನ ಕರೆದಿದ್ದೀನಿ. ನೀವು ಆ ಊರಿನವರೇ, ನೀವೇ ಪಕ್ಕದಲ್ಲಿ ಕೂರಬೇಕು."

ನನಗೂ ಉಬ್ಬು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮೂರ ಮೆಣಸಿನಕಾಯಿ ಕ್ಯಾನ್ಸರ್ ಓಡಿಸುತ್ತದೆ ಎಂದರೆ ಯಾರಿಗೆ ಬೇಡ? ಬುಧವಾರ ಸಂಜೆ ಮನೆಗೆ ಬಂದವಳೇ ಇವರ ಮುಂದೆ ಎಲ್ಲ ಕಥೆಯನ್ನೂ ಹರವಿದೆ. ಇವರು ದಿಂಬಿಗೆ ಒರಗಿ ಕುಳಿತು ಕೇಳಿದರು. ಈಚೆಗೆ ಇವರು ಮೆತ್ತೆಯಿಲ್ಲದ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ.

"ಇನ್ನೂರ ಹನ್ನೆರಡು ಮಂದಿ. ಒಬ್ಬಂದೂ ಹೆಚ್ಚು ಬಂದಿಲ್ಲ?"

"ಒಬ್ಬಂದೂ ಇಲ್ಲ."

"ಹಂಗಾದ್ರ ತಪ್ಪೈತಿ."

ನನಗೆ ಸಿಟ್ಟು ಬಂತು. "ಏನ್ ತಪ್ಪು?"

"ಒಂದ್ ಸಲ ಮಾರ್ಕೆಟ್ಟಿನ್ಯಾಗ ಒಂದು ಅಡತಿ ಅಂಗಡಿಗೆ ಹೋಗಿದ್ದೆ. ಹನ್ನೊಂದು ತಕ್ಕಡಿ. ಹನ್ನೊಂದೂ ಸರಿ ಬಂದ್ವು. ಮುಂದಿನ ಅಂಗಡಿನೂ ಸರಿ, ಅದರ ಮುಂದಿಂದೂ ಸರಿ. ನಂಗ ನಿದ್ದಿ ಬರಲಿಲ್ಲ. ಇಷ್ಟು ಮಂದಿ ಒಮ್ಮಿಂದೊಮ್ಮೆಲೇ ಒಳ್ಳೇವ್ರು ಹೆಂಗ ಆದ್ರು? ಕಡೀಕ ನೋಡಿದ್ರ, ನಾ ಕೈಯಾಗ ಹಿಡಕೊಂಡು ಹೋಗಿದ್ದ ನಮ್ಮ ಆಫೀಸಿನ ತೂಕದ ಕಲ್ಲಽ ಸವದಿತ್ತು." ಇವರು ಸ್ವಲ್ಪ ಮುಂದೆ ಬಾಗಿದರು. "ಎಲ್ಲಾ ಸರಿ ಬಂದಾಗ ನಾ ತಕ್ಕಡಿ ನೋಡಂಗಿಲ್ಲ, ಕಲ್ಲು ನೋಡ್ತೇನಿ. ಗುಡ್ಡಪ್ಪನ ಕಲ್ಲು ಯಾವುದು?"

"ಪೊಟ್ಟಣ. ಬೆಳ್ಳಿ ಪೊಟ್ಟಣ."

"ಅವ ಅದನ್ನ ಒಡಿಯೂದು ನೀ ಕಣ್ಣಾರೆ ನೋಡೀಯೇನು?"

ನಾನು ನೋಡಿರಲಿಲ್ಲ. ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟೆ.

ಗುರುವಾರ ಬೆಳಿಗ್ಗೆ ಆರೂವರೆಗೆ ನಾವಿಬ್ಬರೂ ಅಂಗಡಿಯ ಎದುರಿಗಿದ್ದೆವು. ಗುಡ್ಡಪ್ಪ ಶಟರ್ ಎತ್ತಿದ, ಒಂದು ಕೈಯಿಂದ ಬೆನ್ನು ಹಿಡಿದುಕೊಂಡೇ. ನಮ್ಮನ್ನು ನೋಡಿ ಅರಳಿದ.

"ಬರ್ರಿ ಅಕ್ಕಾರ, ಬರ್ರಿ ಸಾಹೇಬ್ರ. ಇವತ್ತ ಪೇಪರ್ನವ್ರು ಬರ್ತಾರಂತಲ್ರಿ, ನಮ್ಮ ಅಂಗಡಿ ಫೋಟೋ ಹಾಕಸ್ರಿ ಮತ್ತ."

ಊದುಬತ್ತಿ ಹಚ್ಚಿದ. ಪೆಟ್ಟಿಗೆಯ ಗುಂಡಿ ಒತ್ತಿದ. ಕನ್ನಡಿಯ ಮುಂದೆ ನಿಂತು ತನ್ನ ಎಡಗಲ್ಲಕ್ಕೆ ಎರಡು ಬೆರಳಗಲ ನೊರೆ ಹಚ್ಚಿಕೊಂಡ. ಕತ್ತಿಯನ್ನು ಮೇಲಿಂದ ಕೆಳಕ್ಕೆ ಒಂದು ಸಲ ಎಳೆದುಕೊಂಡ. ಪೆಟ್ಟಿಗೆ ಸಣ್ಣಗೆ ಗಂಟೆ ಬಾರಿಸಿತು. ಪರದೆಯ ಮೇಲೆ ಅಕ್ಷರ ಮೂಡಿತು: ಸೊನ್ನೆ ಸಿದ್ಧ.

ನಾನು ಪರದೆಯ ಹತ್ತಿರ ಹೋದೆ.

"ಗುಡ್ಡಪ್ಪಾ, ಈಗ ಏನ್ ಮಾಡಿದಿ?"

"ಕತ್ತಿ ಧಾರಿ ನೋಡಿದ್ನ್ರಿ. ನಮ್ಮಪ್ಪ ಕಲಿಸಿದ್ದು. ಮೊದಲ ತನ್ನ ಗಲ್ಲದ ಮ್ಯಾಲ ಎಳಕೋಬೇಕು, ಆಮ್ಯಾಲ ಮಂದಿ ಗಲ್ಲಕ್ಕ ಹಚ್ಚಬೇಕು. ಐವತ್ತು ವರ್ಷ ಆತ್ರಿ, ಒಂದಿನ ತಪ್ಪಿಸಿಲ್ಲ."

"ಪೊಟ್ಟಣ ಎಲ್ಲಿ?"

ಅವನು ಹೆಮ್ಮೆಯಿಂದ ಕೆಳಗಿನ ಕಪಾಟಿನಿಂದ ಒಂದು ತಗಡಿನ ಟ್ರಂಕು ಎಳೆದು ಮುಚ್ಚಳ ತೆಗೆದ. ತಿಂಗಳು ತಿಂಗಳಿಗೆ ಕಟ್ಟು ಹಾಕಿ, ಒಳಗೆ ನುಸಿಗುಳಿಗೆ ಹಾಕಿ, ಎಲ್ಲ ಪೊಟ್ಟಣಗಳನ್ನೂ ಜೋಡಿಸಿಟ್ಟಿದ್ದ. ಬೆಳ್ಳಿಬಣ್ಣ ಫಳಫಳ ಹೊಳೆಯುತ್ತಿತ್ತು.

"ಒಂದೂ ಹಾಳ ಮಾಡಿಲ್ರಿ ಅಕ್ಕಾರ. ಸರಕಾರದ ಸಾಮಾನು. ಪೆಟಗಿ ಸುಮ್ನ ನಡ್ಯಾಕತ್ತೈತಿ, ಕೆಟ್ಟಾಗ ಬೇಕಾಗ್ತಾವು ಅಂತ ಜ್ವಾಪಾನ ಮಾಡೇನಿ."

ಅಲ್ಲಿಯೇ ಬೆಂಚಿನ ಮೇಲೆ ಕುಳಿತೆ. ತಲೆಯೊಳಗೆ ಲೆಕ್ಕ ತನ್ನಷ್ಟಕ್ಕೆ ಓಡತೊಡಗಿತು. ಮೊದಲ ದಿನ ನಮ್ಮವರು ಬಂದು ಪೊಟ್ಟಣ ಒಡೆದು ತೋರಿಸಿದ್ದರು. ಮಾರನೆಯ ದಿನದಿಂದ ಇವನ ಗಲ್ಲ. ಆಗ ಇವನು ಆರೋಗ್ಯವಾಗಿದ್ದ, ಪೊಟ್ಟಣಕ್ಕೂ ಗಲ್ಲಕ್ಕೂ ವ್ಯತ್ಯಾಸವಿರಲಿಲ್ಲ, ಪೆಟ್ಟಿಗೆ ಕೂಗಲಿಲ್ಲ. ಒಂಬತ್ತು ಜನ ಸಿಕ್ಕಿದರು. ಆಮೇಲೆ ಇವನೊಳಗೆ ಏನೋ ಶುರುವಾಯಿತು. ದಿನಕ್ಕೆ ನೂರಕ್ಕೆ ಕಾಲರಷ್ಟು, ಅರ್ಧದಷ್ಟು ಏರುತ್ತ ಹೋಯಿತು, ಎರಡನ್ನು ಎಂದೂ ಮುಟ್ಟಲಿಲ್ಲ. ನನ್ನ ಕಾವಲು ನೋಡುತ್ತಿದ್ದದ್ದು ನಿನ್ನೆ ಮತ್ತು ಇವತ್ತನ್ನು ಮಾತ್ರ. ಹೋದ ವರ್ಷವನ್ನು ಅದು ತಿರುಗಿ ನೋಡಲಿಲ್ಲ, ಯಾಕೆಂದರೆ ತಿರುಗಿ ನೋಡು ಎಂದು ನಾನು ಬರೆದಿರಲಿಲ್ಲ. ಇವನ ರೋಗ ಏರಿದಂತೆಲ್ಲ ಸೊನ್ನೆ ಏರಿತು. ಸೊನ್ನೆ ಏರಿದಂತೆಲ್ಲ ಇಡೀ ಊರು ಹಸಿರಾಯಿತು.

"ಒಂದು ಪೊಟ್ಟಣ ಕೊಡು," ಅಂದೆ.

ಪೆಟ್ಟಿಗೆಯನ್ನು ಒರೆಸಿ, ಹೊಸ ಸೊನ್ನೆ ಇಟ್ಟಾಗ ನನ್ನ ಕಾವಲು ಮೊದಲ ಸಲ ಕೂಗಿಕೊಂಡಿತು; ಅದನ್ನು ನಿಲ್ಲಿಸಿ, ಗುಡ್ಡಪ್ಪನಿಗೆ ಬಲಗಲ್ಲದ ಮೇಲೆ ಕತ್ತಿ ಎಳೆದುಕೊಳ್ಳಲು ಹೇಳಿದೆ. ಬೋಣಿ ಆಗಿಲ್ಲ ಎಂದು ಗೊಣಗುತ್ತ ಎಳೆದುಕೊಂಡ. ಪೆಟ್ಟಿಗೆ ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಕೆಂಪು ದೀಪ ಹತ್ತಿತು. ಅಂಕಿ ಇರಬೇಕಾದಲ್ಲಿ ಅಂಕಿಯೇ ಬರಲಿಲ್ಲ, ಮೂರು ಅಡ್ಡಗೆರೆ ಬಂದವು. ಅಳತೆಗೆ ಮೀರಿದ್ದು ಎಂದು ಅದರ ಅರ್ಥ. ನನ್ನ ಇಡೀ ಸೇವೆಯಲ್ಲಿ ನಾನು ಆ ಗೆರೆಗಳನ್ನು ಕಂಡಿರಲಿಲ್ಲ.

"ಇದೇನ್ರಿ ಅಕ್ಕಾರ, ಪೆಟಗಿ ಕೆಟ್ಟಿತೇನು?"

"ಗುಡ್ಡಪ್ಪಾ, ಬೆನ್ನು ಯಾವಾಗಿಂದ ನೋಯಾಕತ್ತೈತಿ?"

"ನಿಂತು ಮಾಡೂ ಕೆಲಸ ಅಲ್ರೀ, ಬೆನ್ನು ನೋಯಲಾರದ ಇರತೈತೇನು?" ಎಂದು ನಗಲು ಹೋದವನು ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. ಪರದೆಯ ಗೆರೆಗಳನ್ನು ನೋಡಿದ. ಟ್ರಂಕನ್ನು ನೋಡಿದ. ಎಡಗಲ್ಲವನ್ನು ಮೆಲ್ಲಗೆ ಮುಟ್ಟಿಕೊಂಡ. ಬುದ್ಧಿವಂತ, ವಿವರಿಸುವುದು ಬೇಕಾಗಲಿಲ್ಲ.

"ಅಂದ್ರ ಇಷ್ಟು ದಿನ ಎಲ್ಲಾರ್ನೂ ನನಗ ಹೋಲಿಸಿ ನೋಡಿತೇನ್ರಿ ಇದು?"

ನಾನು ಉತ್ತರ ಕೊಡುವಷ್ಟರಲ್ಲಿ ಇವರು ಹೋಗಿ ಕುರ್ಚಿಯಲ್ಲಿ ಕುಳಿತಿದ್ದರು. ಟವೆಲನ್ನು ತಾವೇ ಕುತ್ತಿಗೆಗೆ ಸುತ್ತಿಕೊಂಡಿದ್ದರು.

"ಬ್ಯಾಡ್ರಿ," ಅಂದೆ. ಯಾಕೆ ಹಾಗೆ ಅಂದೆನೋ ದೇವರೇ ಬಲ್ಲ. "ಇವತ್ತ ಬ್ಯಾಡ."

"ಹಚ್ಚು ಗುಡ್ಡಪ್ಪ," ಅಂದರು ಇವರು.

ಗುಡ್ಡಪ್ಪ ನೊರೆ ಹಚ್ಚಿ ಕತ್ತಿ ಎತ್ತಿಕೊಂಡ. ಒಂದು ಗಲ್ಲ ಮುಗಿಯುವಷ್ಟರಲ್ಲಿ ದೀಪ ಕೆಂಪಾಯಿತು. ಈ ಸಲ ಅಂಕಿ ಬಂತು. ನಲವತ್ತೇಳು. ನಾಲ್ಕರ ಒಳಗೆ ಇರಬೇಕಾದದ್ದು. ಗುಡ್ಡಪ್ಪ ಕತ್ತಿ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಇನ್ನೊಂದು ಗಲ್ಲ ಉಳದೈತಿ ಮಾರಾಯಾ," ಅಂದರು ಇವರು ಕನ್ನಡಿಯೊಳಗೆ ಅವನನ್ನು ನೋಡುತ್ತ. "ಹಿಂಗ ಅರ್ಧಮರ್ಧ ಬಿಟ್ರ ಬೀದ್ಯಾಗ ಹೆಂಗ ಹೋಗ್ಲಿ?"

ಡಾ. ಜಯಶೀಲರಿಗೆ ಫೋನು ಮಾಡಿದೆ. ಪತ್ರಕರ್ತರು ಆಗಲೇ ಬಂದು ಚಹಾ ಕುಡಿಯುತ್ತಿದ್ದರಂತೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಇಷ್ಟೇ ಅಂದರು: "ನಾನು ಆ ಜನರ ಮುಂದೆ ಮೆಣಸಿನಕಾಯಿ ಹಿಡಿದು ಕೂತಿದ್ದೀನಲ್ಲಾ ಮೇಡಂ."

ಹಳೆಯ ಅಂಕಿಗಳಿಗೆಲ್ಲ ಗುಡ್ಡಪ್ಪನ ಸೊನ್ನೆಯನ್ನು ಮರಳಿ ಕೂಡಿಸಿದಾಗ ಇನ್ನೂರ ಹನ್ನೆರಡರಲ್ಲಿ ಮೂವತ್ತೊಂದು ಹೆಸರು ಕೆಂಪಾದವು. ಗೋಡೆಯ ಮೇಲಿನ ಹಸಿರು ಚುಕ್ಕೆ ನೋಡನೋಡುತ್ತಿದ್ದಂತೆ ಜಿಲ್ಲೆಗೇ ದೊಡ್ಡ ಕೆಂಪು ಚುಕ್ಕೆಯಾಯಿತು. ಮನೆಮನೆಗೆ ಪತ್ರ ಕಳಿಸೋಣ ಎಂದು ಇಲಾಖೆಯವರು ಅಂದರು. ಗುಡ್ಡಪ್ಪ ಒಪ್ಪಲಿಲ್ಲ. "ಕಾಗದ ಬಂದ್ರ ಅದನ್ನ ಮಡಚಿ ಹಾಸಗಿ ಕೆಳಗ ಇಡ್ತಾರ್ರಿ. ನಾ ಹೇಳ್ತೇನಿ," ಅಂದ. ಮೂರು ದಿನ, ಬೆನ್ನಿಗೆ ಪಟ್ಟಿ ಬಿಗಿದುಕೊಂಡು, ಮೂವತ್ತು ಬಾಗಿಲು ತಟ್ಟಿದ. ಬೈದವರು ಇದ್ದರು, ಅವನನ್ನು ಹಿಡಿದುಕೊಂಡು ಅತ್ತವರೂ ಇದ್ದರು. ಮೂವತ್ತೂ ಜನರನ್ನು ಆಸ್ಪತ್ರೆಯ ಬಸ್ಸಿಗೆ ಹತ್ತಿಸಿ, ಕಡೆಯ ಸೀಟಿನಲ್ಲಿ ತಾನು ಕುಳಿತ. ಅವನ ಮೂಳೆಗಳಲ್ಲಿ ರೋಗವಿಲ್ಲದ ಜಾಗ ಹುಡುಕುವುದೇ ಕಷ್ಟ ಎಂದು ಅಲ್ಲಿನವರು ಆಮೇಲೆ ನನಗೆ ಹೇಳಿದರು.

ಮೂವತ್ತೊಂದನೆಯವರನ್ನು ನಾನು ಕರೆದುಕೊಂಡು ಹೋದೆ.

ಹುಬ್ಬಳ್ಳಿಯ ವೈದ್ಯರು ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ಸ್ಕ್ಯಾನಿನ ಚಿತ್ರವನ್ನು ನಮ್ಮ ಕಡೆ ತಿರುಗಿಸಿದರು. ಸೊಂಟದ ಮೂಳೆಯಲ್ಲಿ ಎರಡು ಕಡೆ, ಬೆನ್ನಿನಲ್ಲಿ ಒಂದು ಕಡೆ ಬೆಳ್ಳಗೆ ಹೊಳೆಯುತ್ತಿತ್ತು.

"ಗ್ರಂಥಿ ದಾಟಿ ಹೊರಗ ಬಂದೈತ್ರಿ. ಪೂರ್ತಿ ಗುಣ ಮಾಡೂ ಹಂತ ಮುಗೀತು. ಆದ್ರ ಇಂಜೆಕ್ಷನ್ ಅದಾವು, ತಡದು ಹಿಡೀಬಹುದು. ವರ್ಷಗಟ್ಟಲೆ ಆರಾಮ ಇದ್ದವರನ್ನ ನೋಡೇನಿ." ಅವರು ಕಾಗದ ಎಳೆದುಕೊಂಡು ಪೆನ್ನು ತೆಗೆದರು. "ತೊಂದರೆ ಶುರುವಾಗಿದ್ದು ಯಾವಾಗರಿ ಯಜಮಾನ್ರ?"

ಇವರು ನನ್ನ ಕಡೆ ನೋಡಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ನೋಟವನ್ನು ನಾನು ಕಂಡಿರಲಿಲ್ಲ. ಆಮೇಲೆ ವೈದ್ಯರ ಕಡೆ ತಿರುಗಿದರು.

"ಈಗ ಒಂದು ಹದಿನೈದು ದಿನದಿಂದ್ರಿ."

ವೈದ್ಯರು ಬರೆದುಕೊಂಡರು. ಇವರು ಅಂಗಿಯ ಗುಂಡಿಯನ್ನು ನೋಡುತ್ತ ಕುಳಿತರು. ಕಾಲು ಚಮಚ ಉಪ್ಪನ್ನೂ ಮುಚ್ಚಿಡದ ಮನುಷ್ಯ, ತಮ್ಮ ಜೀವಮಾನದ ಮೊದಲ ಸುಳ್ಳು ಅಳತೆಯನ್ನು ನನ್ನ ಸಲುವಾಗಿ ಕೊಟ್ಟಿದ್ದರು. ಸುಮ್ಮನಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಗಳಿಗೆ ನಾನು ಸುಮ್ಮನಿದ್ದೆ ಕೂಡ, ಅದನ್ನೂ ಹೇಳಿಬಿಡುತ್ತೇನೆ.

"ಅಲ್ರಿ ಡಾಕ್ಟ್ರ," ಅಂದೆ. "ಎಂಟು ತಿಂಗಳಾತು. ಅವಾಗಽ ನನಗ ಹೇಳಿದ್ರು. ಹುಬ್ಬಳ್ಳಿಗೆ ಹೋಗಿ ತೋರಿಸಲೇನು ಅಂತ ಕೇಳಿದ್ರು. ನಾನಽ ಬ್ಯಾಡ ಅಂದೆ."

ವೈದ್ಯರು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು. ಬರೆದದ್ದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಎಂಟು ತಿಂಗಳು ಎಂದು ಬರೆದರು.

ಇವರು ಕೈ ಚಾಚಿ ಆ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕನ್ನಡಕ ಸರಿಮಾಡಿಕೊಂಡು ಓದಿ, ಅಳತೆ ಸರಿಯಿದೆ ಎಂಬಂತೆ ತಲೆಯಾಡಿಸಿ, ಮರಳಿ ಕೊಟ್ಟರು.